ಇಂಫಾಲದ ಇಮಾ ಕೈಥೆಲ್: ಅಲ್ಲಿಯ ಬಟ್ಟೆ, ಊಟ ಮತ್ತು ಆ ನೆಲದ ಮೇಲಿರುವ ಕಾಯ್ದೆ

ಕೈಮಗ್ಗದ ಬಟ್ಟೆಗೆ ಆಸೆಪಡುವವರು ಮಣಿಪುರದ ರಾಜಧಾನಿ ಇಂಫಾಲಕ್ಕೆ ಹೋದರೆ ಬೇರೆ ಯಾವ ಅಂಗಡಿಗೂ ಕಾಲಿಡುವ ಮೊದಲು ಇಮಾ ಕೈಥೆಲ್‌ಗೆ, ಅಂದರೆ ‘ತಾಯಂದಿರ ಮಾರುಕಟ್ಟೆ’ಗೆ, ಹೋಗಿ. ಊರಿನ ನಟ್ಟನಡುವೆ ಖ್ವಾಯ್ರಂಬಂದ್ ಬಜಾರಿನಲ್ಲಿ, ಕಂಗ್ಲಾ ಕೋಟೆಯಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಮೂರು ದೊಡ್ಡ ಕಟ್ಟಡಗಳಲ್ಲಿ ಈ ಮಾರುಕಟ್ಟೆ ಇದೆ. ಮಾರುವವರೆಲ್ಲ ಹೆಂಗಸರು, ಸಾವಿರಗಟ್ಟಲೆ ಹೆಂಗಸರು. ಮದುವೆಯಾದವರಿಗೆ ಮಾತ್ರ ಕೂರುವ ಜಾಗ ಸಿಗುವುದು ಅಲ್ಲಿಯ ಹಳೆಯ ರೂಢಿ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಆ ಜಾಗ ಬರುತ್ತದೆ. ಗಂಡಸರು ಬರುವುದು ಕೊಳ್ಳಲಿಕ್ಕೆ, ಇಲ್ಲವೆ ಮೂಟೆ ಹೊರಲಿಕ್ಕೆ.

ಧಾರವಾಡದಲ್ಲಿ ನನ್ನದೊಂದು ಸೀರೆ ಅಂಗಡಿ ಇದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಒಂದಿಷ್ಟು ಬೇರೆ ರಾಜ್ಯಗಳ ಕೈಮಗ್ಗದ ಮಾಲು. ಡಿಸೆಂಬರ್‌ನಲ್ಲಿ ಇಂಫಾಲಕ್ಕೆ ಹೋದದ್ದು ಇನಫಿ ಕೊಳ್ಳಲು. ಅಲ್ಲಿಯ ಹೆಂಗಸರು ಸೊಂಟಕ್ಕೆ ಸುತ್ತುವ ಫನೇಕ್ ಉಟ್ಟು ಮೇಲೆ ಹೊದೆಯುವ ತೆಳು ಬಟ್ಟೆ ಅದು. ಹೀಗಾಗಿ ಇದು ಮೊದಲಿಗೆ ಮಾರುಕಟ್ಟೆಯ ವಿಮರ್ಶೆ. ಆದರೆ ಸೇನೆಗೆ ವಿಶೇಷಾಧಿಕಾರ ಕೊಡುವ ಕಾಯ್ದೆ, ಆಫ್‌ಸ್ಪಾ, ಇದರಲ್ಲಿ ಬಂದೇ ಬರುತ್ತದೆ. ನಾನು ಕೊಂಡ ಬಟ್ಟೆ ಯಾವ ಊರಿನಲ್ಲಿ ನೇಯ್ದದ್ದು ಎಂದು ಹುಡುಕಿಕೊಂಡು ಹೋದಾಗ ದಾರಿಯ ಮಧ್ಯದಲ್ಲಿಯೇ ಆ ಕಾಯ್ದೆಯ ಗಡಿ ಹಾಯ್ದು ಹೋಗಿತ್ತು.

ಮೊದಲು ಬಟ್ಟೆಯ ಮಾತು. ಎತ್ತರದ ಕಟ್ಟೆಗಳ ಮೇಲೆ ಸಾಲಾಗಿ ಕೂತ ಇಮಾಗಳು, ಹಣೆಯಿಂದ ಮೂಗಿನವರೆಗೆ ಎಳೆದ ಗಂಧದ ನಾಮ, ಮುಂದೆ ಎದೆಯೆತ್ತರಕ್ಕೆ ಜೋಡಿಸಿದ ಬಟ್ಟೆಯ ಮಡಿಕೆಗಳು. ಬೆಲೆಯ ಚೀಟಿ ಎಲ್ಲಿಯೂ ಇಲ್ಲ, ಕೇಳಬೇಕು. ನೋಡಬೇಕಾದದ್ದು ಎರಡು: ವಾಂಗ್‌ಖೈ ಫೀ ಮತ್ತು ಮೊಯ್‌ರಾಂಗ್ ಫೀ. ಫೀ ಎಂದರೆ ಅಲ್ಲಿ ಬಟ್ಟೆ. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ವಾಂಗ್‌ಖೈ ಬಿಳಿ, ಬೆಳಕಿಗೆ ಹಿಡಿದರೆ ಆಚೆಯ ಕೈಬೆರಳು ಕಾಣುವಷ್ಟು ತೆಳು. ಮೊಯ್‌ರಾಂಗ್ ಫೀಯ ಅಂಚಿನುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಏರುವ ಚೂಪು ಮೊನೆಗಳು. ಅವು ಪಾಖಂಗ್ಬಾ ಸರ್ಪದೇವತೆಯ ಹಲ್ಲುಗಳು ಎಂದು ಹೇಳುತ್ತಾರೆ. ನಮ್ಮ ಇಳಕಲ್ ಸೆರಗಿನ ತೆನಿ ನೋಡಿ ಬೆಳೆದ ಕಣ್ಣಿಗೆ ಆ ಮೊನೆ ಒಂದೇ ನೋಟಕ್ಕೆ ಹಿಡಿಸಿಬಿಟ್ಟಿತು.

ಪವರ್‌ಲೂಮ್ ಮಾಲೂ ಅದೇ ಕಟ್ಟೆಗಳ ಮೇಲಿದೆ. ಮೋಸವೇನಿಲ್ಲ, ಕೇಳಿದರೆ ಹೇಳುತ್ತಾರೆ. ಕೇಳದೆಯೇ ತಿಳಿಯಬೇಕೆಂದರೆ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಎಳೆದುಕೊಂಡು ಹೋಗಿ. ಕೈಮಗ್ಗದ್ದಾದರೆ ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲು ತಿರುಗುವ ಜಾಗದಲ್ಲಿ ಸಣ್ಣ ಏರುಪೇರು ಸಿಗುತ್ತದೆ. ಬಟ್ಟೆ ಬಿಗಿಯಾಗಿ ನಿಲ್ಲಲೆಂದು ಮಗ್ಗದಲ್ಲಿ ಸಿಕ್ಕಿಸುವ ಮುಳ್ಳಿನ ತೂತುಗಳು ಅಂಚಿನ ಗುಂಟ ಸಾಲಾಗಿ ಕಾಣುತ್ತವೆ. ಮೊನೆಯ ಹಿಂಬದಿ ತಿರುಗಿಸಿ ನೋಡಿದರೆ ನೂಲು ಕತ್ತರಿಸಿ ಬಿಟ್ಟಿರುವುದಿಲ್ಲ, ತಿರುಗಿ ಒಳಗೆ ಹೋಗಿರುತ್ತದೆ. ನಾನು ಹೀಗೆ ನೋಡುತ್ತಿದ್ದದ್ದನ್ನು ಎದುರಿಗಿದ್ದ ಇಮಾ ಗಮನಿಸಿದರು. ಏನೂ ಮಾತಾಡದೆ ತಾವು ಕೂತಿದ್ದ ಗಂಟಿನ ಅಡಿಯಿಂದ ಇನ್ನೊಂದು ಇನಫಿ ಎಳೆದು ನನ್ನ ತೊಡೆಯ ಮೇಲೆ ಹಾಕಿದರು. ತಿಳಿ ಗುಲಾಬಿ ಹತ್ತಿ, ಅಂಚಿಗೆ ಕಪ್ಪು ಕೆಂಪು ಮೊನೆ. 2,200 ರೂಪಾಯಿ. ಪಕ್ಕದ ಕಟ್ಟೆಯಲ್ಲಿ ಯಂತ್ರದ್ದು 600ಕ್ಕೆ ಇತ್ತು. ನನ್ನ ಜೊತೆ ಬಂದಿದ್ದ ಹುಡುಗಿ ಕಿವಿಯಲ್ಲಿ ಹೇಳಿದಳು: “ಆಂಟಿ, ಚೌಕಾಸಿ ಬೇಡ. ಇದನ್ನ ನೇಯ್ದವರು ಇವರ ನಾದಿನಿನೇ.”

ಆ ಹುಡುಗಿ ನನ್ನ ಮಗಳೊಡನೆ ಬೆಂಗಳೂರಿನಲ್ಲಿ ಒಂದೇ ಪಿಜಿಯಲ್ಲಿದ್ದವಳು, ನರ್ಸಿಂಗ್ ಓದಿದವಳು. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಕ್ಕಳು ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರಲ್ಲ, ಅವರಲ್ಲಿ ಇವಳೂ ಒಬ್ಬಳು. ಆಮೇಲೆ ತಿರುಗಿ ಬಂದು ಓದು ಮುಗಿಸಿದಳು. ಕನ್ನಡ ಚೆನ್ನಾಗಿ ಬರುತ್ತದೆ. ಅವಳಿಲ್ಲದೆ ನನಗೆ ಈ ಮಾರುಕಟ್ಟೆಯ ಅರ್ಧ ಭಾಗವೂ ತಿಳಿಯುತ್ತಿರಲಿಲ್ಲ. ಅಂಥವರು ಜೊತೆಗಿಲ್ಲದಿದ್ದರೆ ಹಿಂದಿಯಲ್ಲಿ ವ್ಯವಹಾರ ನಡೆಯುತ್ತದೆ, ಮಾತುಕತೆ ನಡೆಯುವುದಿಲ್ಲ.

ಊಟಕ್ಕೆ ಮಾರುಕಟ್ಟೆಯಲ್ಲೇ ಜಾಗಗಳಿವೆ. ಅನ್ನ, ತೊವ್ವೆ, ಎರೊಂಬಾ. ಎರೊಂಬಾ ಎಂದರೆ ಬೇಯಿಸಿದ ತರಕಾರಿಯನ್ನು ಮೆಣಸಿನಕಾಯಿಯೊಡನೆ ಕಿವುಚಿದ್ದು. ಅದರಲ್ಲಿ ಹುದುಗು ಬರಿಸಿದ ಒಣಮೀನು, ಙಾರಿ, ಇದ್ದೇ ಇರುತ್ತದೆ. ನಮ್ಮಂಥ ಸಸ್ಯಾಹಾರಿಗಳು ಮೊದಲೇ ಹೇಳಬೇಕು. ಎಲೆಕೋಸು, ತಾವರೆ ದಂಟು ಸಣ್ಣಗೆ ಹೆಚ್ಚಿ ಕಲಸುವ ಸಿಂಜು ಮಾತ್ರ ಙಾರಿ ಇಲ್ಲದೆಯೂ ಮಾಡಿಕೊಡುತ್ತಾರೆ. ಅಲ್ಲಿ ವೈಷ್ಣವರ ಊಟದ ಪದ್ಧತಿ ಗಟ್ಟಿಯಾಗಿರುವುದರಿಂದ ಯಾರೂ ಹುಬ್ಬೇರಿಸುವುದಿಲ್ಲ. ಚಾಕ್ ಹಾವ್ ಎಂಬ ಕಪ್ಪಕ್ಕಿಯ ಪಾಯಸ ನೇರಳೆ ಬಣ್ಣದ್ದು, ಅದನ್ನು ಬಿಡಬೇಡಿ. ಅಕ್ಕಿಯನ್ನೂ ಕಟ್ಟಿಸಿಕೊಂಡು ಬಂದೆ. ಚಳಿಗಾಲವಾದ್ದರಿಂದ ತಮೆಂಗ್‌ಲಾಂಗ್ ಕಿತ್ತಳೆಯ ರಾಶಿ ಹೊರಗಿನ ರಸ್ತೆಯುದ್ದಕ್ಕೂ ಇತ್ತು. ಉಖ್ರುಲ್ ಕಡೆಯ ತಾಂಗ್‌ಖುಲ್ ಹೆಂಗಸರು ಲೋಂಗ್‌ಪಿಯ ಕಪ್ಪು ಮಡಕೆಗಳನ್ನು ತಂದಿದ್ದರು.

ಕೊರತೆಗಳೂ ಇವೆ. ಶೌಚಾಲಯ ಸಾಲದು, ಇದ್ದದ್ದೂ ಸ್ವಚ್ಛವಿಲ್ಲ. ದಿನವಿಡೀ ಕೂತು ದುಡಿಯುವ ಹೆಂಗಸರ ಮಾರುಕಟ್ಟೆಯಲ್ಲಿ ಇದು ಸಣ್ಣ ತಪ್ಪಲ್ಲ. ಒಣಮೀನಿನ ಸಾಲಿನಿಂದ ಗಾಳಿ ಬಟ್ಟೆಯ ಕಡೆ ಬೀಸಿದರೆ ವಾಸನೆ ಇನಫಿಗೂ ಹತ್ತುತ್ತದೆ, ಮನೆಗೆ ಬಂದು ಬಿಸಿಲಿಗೆ ಹಾಕಿ.

ಈ ಮಾರುಕಟ್ಟೆಯ ಹೆಂಗಸರಿಗೆ ಜಗಳಕ್ಕೆ ನಿಂತ ಇತಿಹಾಸವಿದೆ. 1939ರ ಡಿಸೆಂಬರ್ 12ರಂದು, ಊರಿನಲ್ಲಿ ಅಕ್ಕಿ ಸಿಗದೆ ಜನ ಹಸಿದಿದ್ದಾಗಲೂ ಅಕ್ಕಿ ಹೊರಗೆ ಸಾಗುತ್ತಿದೆ ಎಂದು ಹೆಂಗಸರು ಬ್ರಿಟಿಷ್ ಅಧಿಕಾರಿಯನ್ನು ಸುತ್ತುವರಿದರು. ಆಮೇಲೆ ತಿಂಗಳುಗಟ್ಟಲೆ ಮಾರುಕಟ್ಟೆಗೇ ಬರದೆ ಅಸಹಕಾರ ಮಾಡಿದರು. ಅದನ್ನು ನುಪಿ ಲಾನ್, ಹೆಂಗಸರ ಯುದ್ಧ, ಎನ್ನುತ್ತಾರೆ. ಸಂಜೆ ಕೊಂಡ ಗಂಟು ಹಿಡಿದುಕೊಂಡೇ ಕಂಗ್ಲಾ ಕೋಟೆಯ ಬಾಗಿಲಿನವರೆಗೆ ನಡೆದೆವು. 2004ರ ಜುಲೈನಲ್ಲಿ ಅಸ್ಸಾಂ ರೈಫಲ್ಸ್ ಎಂಬ ಕೇಂದ್ರದ ಅರೆಸೇನಾ ಪಡೆಯವರು ರಾತ್ರಿ ಮನೆಯಿಂದ ಕರೆದೊಯ್ದ ಥಾಂಗ್‌ಜಂ ಮನೋರಮಾ ಮರುದಿನ ಹೆಣವಾಗಿ ಸಿಕ್ಕಳು. ಜುಲೈ 15ರಂದು ಹನ್ನೆರಡು ಜನ ನಡುವಯಸ್ಸಿನ ತಾಯಂದಿರು ಈ ಬಾಗಿಲ ಮುಂದೆ ಮೈಮೇಲಿನ ಬಟ್ಟೆ ತೆಗೆದು ನಿಂತರು. ಆಗ ಕೋಟೆಯೊಳಗೆ ಇದ್ದದ್ದು ಅಸ್ಸಾಂ ರೈಫಲ್ಸ್. ಬಟ್ಟೆ ಮಾರಿ ಬದುಕುವ ನನಗೆ ಅಲ್ಲಿ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಹೆಂಗಸೊಬ್ಬಳು ಆ ಮಟ್ಟಕ್ಕೆ ಬರಬೇಕಾದರೆ ಅದಕ್ಕೂ ಮೊದಲು ಎಷ್ಟು ಸಲ ಅರ್ಜಿ ಹಿಡಿದು ಅಲೆದಿರಬೇಕು.

ಆ ತಾಯಂದಿರ ಹೋರಾಟದ ನಂತರ, ಅದೇ ವರ್ಷದ ಆಗಸ್ಟ್‌ನಲ್ಲಿ, ಇಂಫಾಲ ನಗರದ ಏಳು ವಿಧಾನಸಭಾ ಕ್ಷೇತ್ರಗಳಿಂದ ಆಫ್‌ಸ್ಪಾ ತೆಗೆದರು. ನವೆಂಬರ್‌ನಲ್ಲಿ ಕೋಟೆಯನ್ನು ರಾಜ್ಯಕ್ಕೆ ಬಿಟ್ಟುಕೊಟ್ಟರು. ಈಗ ಅದು ಒಳ್ಳೆಯ ಉದ್ಯಾನ, ಟಿಕೆಟ್ ತೆಗೆದುಕೊಂಡು ಹೋಗಿ ನೋಡಬಹುದು.

ನನಗೆ ಇನಫಿ ಮಾರಿದ ಇಮಾರ ನಾದಿನಿ ಇರುವುದು ಮೊಯ್‌ರಾಂಗ್‌ನಲ್ಲಿ. ಇಂಫಾಲದಿಂದ ದಕ್ಷಿಣಕ್ಕೆ ಸುಮಾರು 45 ಕಿಲೋಮೀಟರ್, ಲೋಕ್ತಾಕ್ ಸರೋವರದ ಪಕ್ಕ. ನೇರವಾಗಿ ಅವರಿಂದಲೇ ಕೊಳ್ಳುವ ಆಸೆಯಿಂದ ಮರುದಿನ ಟ್ಯಾಕ್ಸಿ ಹಿಡಿದೆವು. ವಿಮಾನ ನಿಲ್ದಾಣ ಕಳೆಯುತ್ತಿದ್ದ ಹಾಗೆ ಮಾಲೋಮ್. 2000ನೇ ಇಸವಿ ನವೆಂಬರ್ 2ರಂದು ಇಲ್ಲಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದ ಹತ್ತು ಜನ ಅಸ್ಸಾಂ ರೈಫಲ್ಸ್‌ನ ಗುಂಡಿಗೆ ಸತ್ತರು. ಅವರಲ್ಲಿ ಅರವತ್ತು ದಾಟಿದ ಹೆಂಗಸು ಒಬ್ಬರು, ಬಾಲಕನಾಗಿದ್ದಾಗ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಪಡೆದಿದ್ದ ಹುಡುಗ ಒಬ್ಬ. ಹೋರಾಟಗಾರ್ತಿ ಇರೋಮ್ ಶರ್ಮಿಳಾ ಆಫ್‌ಸ್ಪಾ ತೆಗೆಯಿರಿ ಎಂದು ಅನ್ನ ಬಿಟ್ಟದ್ದು ಈ ಹತ್ತು ಜನರಿಗಾಗಿ. 2016ರ ಆಗಸ್ಟ್ 9ರವರೆಗೆ ಮೂಗಿನ ಕೊಳವೆಯಲ್ಲೇ ಅವರ ಬದುಕು ನಡೆಯಿತು. ಮುಂದೆ ಅವರ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 2019ರಲ್ಲಿ.

ಮಾಲೋಮ್ ದಾಟಿದರೆ ನಂಬೋಲ್, ಆಮೇಲೆ ಬಿಷ್ಣುಪುರ. ಈ ಎರಡೂ ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಈಗ ಆಫ್‌ಸ್ಪಾ ಇಲ್ಲ. ಇನ್ನೂ ಸ್ವಲ್ಪ ಮುಂದೆ ಮೊಯ್‌ರಾಂಗ್ ಠಾಣೆಯ ವ್ಯಾಪ್ತಿ ಬರುತ್ತದೆ, ಅಲ್ಲಿ ಇದೆ. ರಸ್ತೆ ಒಂದೇ, ಗದ್ದೆಗಳು ಒಂದೇ. 2022ರಿಂದ ಕಣಿವೆಯ ಠಾಣೆಗಳನ್ನು ಹಂತ ಹಂತವಾಗಿ ಹೊರಗಿಡುತ್ತ ಬಂದಿದ್ದರು. 2023ರ ಮೇ 3ರಿಂದ ಕಣಿವೆಯ ಮೈತೇಯಿ ಮತ್ತು ಗುಡ್ಡದ ಕುಕಿ-ಜೋ ಜನರ ನಡುವೆ ಹತ್ತಿಕೊಂಡ ಹಿಂಸೆಯ ನಂತರ, 2024ರ ನವೆಂಬರ್ 14ರಂದು ಆರು ಠಾಣೆಗಳಿಗೆ ತಿರುಗಿ ಹೇರಿದರು. ಮೊಯ್‌ರಾಂಗ್ ಅದರಲ್ಲಿ ಒಂದು. ಈಗ ಇಡೀ ಮಣಿಪುರದಲ್ಲಿ ಹೊರಗಿರುವುದು 13 ಠಾಣೆಗಳು ಮಾತ್ರ. ಗುಡ್ಡಗಾಡಿನ ಉಖ್ರುಲ್ ಎಂದೂ ಹೊರಗೆ ಬಂದಿಲ್ಲ. ಅಂದರೆ ಆ ಕಪ್ಪು ಮಡಕೆ ತಂದ ಹೆಂಗಸಿಗೆ ಮನೆಯಲ್ಲಿ ಒಂದು ಕಾನೂನು, ಮಾರುಕಟ್ಟೆಯಲ್ಲಿ ಇನ್ನೊಂದು. ಇನಫಿ ನೇಯ್ದವರದೂ ಅದೇ ಪಾಡು.

ಆ ಕಾಯ್ದೆ ಏನು ಹೇಳುತ್ತದೆ ಎಂದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಹತ್ತಿಕ್ಕಲು ಬ್ರಿಟಿಷರು ತಂದ ಸುಗ್ರೀವಾಜ್ಞೆಯೇ ಇದರ ಮೂಲ. 1958ರಲ್ಲಿ ನಮ್ಮದೇ ಸಂಸತ್ತು ಕಾಯ್ದೆ ಮಾಡಿತು. ಮಣಿಪುರದ ಸಂಸದ ಲೈಶ್ರಾಮ್ ಅಚಾವ್ ಸಿಂಗ್ ಆಗಲೇ ಲೋಕಸಭೆಯಲ್ಲಿ ವಿರೋಧಿಸಿದ್ದರು. ‘ಪ್ರಕ್ಷುಬ್ಧ ಪ್ರದೇಶ’ ಎಂದು ಘೋಷಿಸಿದ ಕಡೆ ಐದು ಜನ ಸೇರಬಾರದೆಂಬ ಆಜ್ಞೆ ಮುರಿದವರ ಮೇಲೆ ಎಚ್ಚರಿಕೆ ಕೊಟ್ಟು, ಸಾಯುವಂತೆಯೂ ಗುಂಡು ಹಾರಿಸಬಹುದು. ಅಧಿಕಾರಿಯೇ ಆಗಬೇಕೆಂದಿಲ್ಲ, ಹವಾಲ್ದಾರ್ ದರ್ಜೆಯವರಿಗೂ ಆ ಅಧಿಕಾರವಿದೆ. ವಾರಂಟ್ ಇಲ್ಲದೆ ಮನೆ ಹೊಕ್ಕು ಹುಡುಕಬಹುದು, ಬಂಧಿಸಬಹುದು. ಆರನೇ ಕಲಮಿನ ಪ್ರಕಾರ ಕೇಂದ್ರ ಸರಕಾರ ಅನುಮತಿ ಕೊಡದೆ ಸೈನಿಕನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ.

ನಮ್ಮ ಭಾವ ಸೈನ್ಯದಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು, ಈಶಾನ್ಯದಲ್ಲೂ ಇದ್ದು ಬಂದವರು. ಊರಿಗೆ ಬಂದ ಮೇಲೆ ಅವರೊಡನೆ ಈ ವಿಷಯ ತೆಗೆದೆ. “ನೋಡವಾ ತಂಗಿ,” ಅಂದರು, “ಸಿಪಾಯಿ ಅಂದ್ರ ಪೊಲೀಸ್ ಅಲ್ಲ. ಅಲ್ಲಿಗೆ ನಮ್ಮನ್ನ ಕಳಸೂದು ಸರಕಾರ. ಕಳಸಿ, ಆಮ್ಯಾಲ ಇಪ್ಪತ್ತು ವರ್ಷ ಕೋರ್ಟಿಗೆ ಅಲಿಯಾಕ ಹಚ್ಚಿದ್ರ ಯಾರು ಹೋಗ್ತಾರ? ಮೊನ್ನೆ ನಂಬೋಲ್‌ದಾಗ ಏನಾತು, ಅದನ್ನೂ ಬರಿ.” ಬರೆಯುತ್ತೇನೆ. 2025ರ ಸೆಪ್ಟೆಂಬರ್ 19ರಂದು ನಂಬೋಲ್‌ನಲ್ಲಿ, ಆಫ್‌ಸ್ಪಾ ಇಲ್ಲದ ಆ ರಸ್ತೆಯಲ್ಲೇ, ಅಸ್ಸಾಂ ರೈಫಲ್ಸ್ ವಾಹನದ ಮೇಲೆ ಹೊಂಚುಹಾಕಿ ಗುಂಡು ಹಾರಿಸಿದರು. ಇಬ್ಬರು ಯೋಧರು ಸತ್ತರು. ನಾವು ಅದೇ ದಾರಿಯಲ್ಲಿ ಹೋಗಿ ಬಂದೆವು. ಸತ್ತವರ ಮನೆಯ ದುಃಖವೂ ದುಃಖವೇ.

ಆದರೂ ಭಾವನ ಮಾತನ್ನು ನಾನು ಒಪ್ಪಲಿಲ್ಲ. ಸೈನಿಕನಿಗೆ ರಕ್ಷಣೆ ಬೇಕೆನ್ನುವುದು ಸರಿ, ಅದು ಸಾಮಾನ್ಯ ಕಾನೂನಿನಲ್ಲೇ ಇದೆ. ಕರ್ತವ್ಯದಲ್ಲಿ ಮಾಡಿದ ಕೆಲಸಕ್ಕೆ ಸೇನೆಯವರನ್ನು ಸರಕಾರದ ಒಪ್ಪಿಗೆಯಿಲ್ಲದೆ ಬಂಧಿಸುವಂತಿಲ್ಲ, ವಿಚಾರಣೆಗೆ ಎಳೆಯುವಂತಿಲ್ಲ ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಆಫ್‌ಸ್ಪಾ ಅದರ ಮೇಲೆ ಕೊಡುವುದು ಕೊಲ್ಲುವ ಅಧಿಕಾರ, ಆ ಮೇಲೆ ಯಾರಿಗೂ ಉತ್ತರ ಹೇಳದೆ ಇರುವ ಧೈರ್ಯ. ಜಮ್ಮು ಕಾಶ್ಮೀರದ ಇಂಥದೇ ಕಾಯ್ದೆಯಡಿ ಮೊಕದ್ದಮೆಗೆ ಅನುಮತಿ ಕೇಳಿ ಬಂದ 50 ಅರ್ಜಿಗಳಲ್ಲಿ 47ನ್ನು ನಿರಾಕರಿಸಿದ್ದೇವೆ, ಮೂರು ಬಾಕಿ ಇವೆ ಎಂದು 2018ರ ಜನವರಿಯಲ್ಲಿ ಸರಕಾರವೇ ಸಂಸತ್ತಿನಲ್ಲಿ ಹೇಳಿತು. ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ 2021ರ ಡಿಸೆಂಬರ್ 4ರಂದು ಗಣಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದವರನ್ನು ಉಗ್ರರೆಂದು ಕೊಂದರು. ನಾಗಾಲ್ಯಾಂಡ್ ಪೊಲೀಸರೇ ತನಿಖೆ ಮಾಡಿ 30 ಸೈನಿಕರ ಮೇಲೆ ಆರೋಪಪಟ್ಟಿ ಹಾಕಿದರು. ಅನುಮತಿ ಸಿಗಲಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟು ಆ ಪ್ರಕರಣ ಮುಗಿಸಿತು.

ನಮ್ಮವರಿಗೆ ಹತ್ತಿರದ ಒಂದು ಸಾಕ್ಷಿಯೂ ಇದೆ. ಬಳ್ಳಾರಿ ಗಣಿ ವರದಿ ಕೊಟ್ಟ ಲೋಕಾಯುಕ್ತ ಸಂತೋಷ್ ಹೆಗ್ಡೆಯವರನ್ನು ಕನ್ನಡಿಗರೆಲ್ಲ ಬಲ್ಲರು. ಮಣಿಪುರದಲ್ಲಿ 1,528 ಜನರನ್ನು ವಿಚಾರಣೆಯಿಲ್ಲದೆ ಕೊಂದಿದ್ದಾರೆಂದು ಸತ್ತವರ ಮನೆಯವರು ಸುಪ್ರೀಂ ಕೋರ್ಟಿಗೆ ಹೋದಾಗ, 2013ರಲ್ಲಿ ಕೋರ್ಟು ನೇಮಿಸಿದ ಆಯೋಗದ ಮುಖ್ಯಸ್ಥರು ಹೆಗ್ಡೆಯವರೇ. ಜೊತೆಯಲ್ಲಿ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಮತ್ತು ನಮ್ಮ ರಾಜ್ಯದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಅಜಯ್ ಕುಮಾರ್ ಸಿಂಗ್ ಇದ್ದರು. ಮಾದರಿಯಾಗಿ ಆರು ಪ್ರಕರಣ ತೆಗೆದು ನೋಡಿದರು. ಆರರಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಆಗಿರಲಿಲ್ಲ. ಸತ್ತವರಲ್ಲಿ ಹನ್ನೆರಡು ವರ್ಷದ ಹುಡುಗನೂ ಇದ್ದ. 2016ರ ಜುಲೈನಲ್ಲಿ ಸುಪ್ರೀಂ ಕೋರ್ಟು ಪ್ರಕ್ಷುಬ್ಧ ಪ್ರದೇಶದಲ್ಲಿಯೂ ಯಾರಿಗೂ ಪೂರ್ತಿ ವಿನಾಯಿತಿ ಇಲ್ಲ ಎಂದಿತು. ಕಾಯ್ದೆಯನ್ನೇ ತೆಗೆಯಿರಿ ಎಂದು ಜೀವನ್ ರೆಡ್ಡಿ ಸಮಿತಿ 2005ರಲ್ಲಿಯೇ ಹೇಳಿತ್ತು, ಅದನ್ನು ಸರಕಾರ ಒಪ್ಪಲಿಲ್ಲ. ಗಣಿ ವರದಿಗೆ ಬೀದಿಗಿಳಿದ ನಾವು ಹೆಗ್ಡೆಯವರ ಈ ವರದಿಯನ್ನು ಓದಲೇ ಇಲ್ಲ.

ಮೊಯ್‌ರಾಂಗ್‌ನ ನೇಕಾರ್ತಿಯ ಮನೆಯಲ್ಲಿ ಮಗ್ಗ ಜಗಲಿಯ ಮೇಲೇ ಇತ್ತು. ಉದ್ದಕ್ಕೆ ಹಾಸಾಗಿ ಎಳೆದಿದ್ದ ನೂಲು ಬಿಳಿ, ಮೊನೆ ನೇಯಲು ಸಣ್ಣ ಸಣ್ಣ ಬಣ್ಣದ ಉಂಡೆಗಳು ಪಕ್ಕದಲ್ಲಿ. ಒಂದು ಇನಫಿಗೆ ಬೇಕಾಗುವ ದಿನ ಮೊದಲಿಗಿಂತ ಜಾಸ್ತಿಯಾಗಿದೆ ಅಂದರು, ಕುಕಿ-ಜೋ ಜನ ಹೆಚ್ಚಿರುವ ಚುರಾಚಾಂದ್‌ಪುರ ಜಿಲ್ಲೆಯ ಗಡಿಯ ಕಡೆ ಗುಂಡಿನ ಸದ್ದಾದರೆ ಮಗ್ಗ ಬಿಟ್ಟು ಒಳಗೆ ಹೋಗಬೇಕು. ರಸ್ತೆಯಲ್ಲಿ ಸೈನ್ಯ ಇರಬೇಕೋ ಬೇಡವೋ ಎಂದು ಕೇಳಿದೆ. ಇರಲಿ, ಆದರೆ ರಾತ್ರಿ ಬಾಗಿಲು ಬಡಿದರೆ ಬಂದವರು ಯಾರು, ಯಾಕೆ ಬಂದರು ಎಂದು ಕೇಳುವ ಹಕ್ಕು ನಮಗೆ ಬೇಕು ಎಂದರು. ಮಾರುಕಟ್ಟೆಯಲ್ಲಿ ಬಟ್ಟೆ ಬಣ್ಣ ಬಿಟ್ಟರೆ ಗಿರಾಕಿ ಹುಡುಕಿಕೊಂಡು ಬಂದು ಕೇಳುತ್ತಾಳೆ, ನಾನು ಉತ್ತರ ಹೇಳಲೇಬೇಕು ಎಂದೂ ಸೇರಿಸಿದರು. ನಾನೂ ಅಂಗಡಿಯವಳು, ಆ ಮಾತು ನನಗೆ ಚೆನ್ನಾಗಿ ತಿಳಿಯಿತು.

ಇನ್ನೊಂದು ಕಡೆಯವರ, ಅಂದರೆ ಕುಕಿ-ಜೋ ಜನರ, ಮಾತು ನನಗೆ ನೇರವಾಗಿ ಸಿಗಲಿಲ್ಲ. ಮೊಯ್‌ರಾಂಗ್ ಆಚೆಗೆ ಟ್ಯಾಕ್ಸಿಯವನು ಬರಲೊಪ್ಪಲಿಲ್ಲ. ಇಮಾ ಕೈಥೆಲ್‌ನಲ್ಲಿ ಹಿಂದೆ ಕುಕಿ ಹೆಂಗಸರೂ ವ್ಯಾಪಾರ ಮಾಡುತ್ತಿದ್ದರು, 2023ರ ಮೇ ನಂತರ ಅವರು ಇಂಫಾಲಕ್ಕೇ ಬರುವಂತಿಲ್ಲ. ಅವರ ಹತ್ತು ಶಾಸಕರು ಆಫ್‌ಸ್ಪಾ ಇಡೀ ರಾಜ್ಯಕ್ಕೆ ಬೇಕು ಎಂದು ಕೇಳಿದ್ದಾರೆ. ಕಣಿವೆಯಲ್ಲಿ ಲೂಟಿಯಾದ ಪೊಲೀಸ್ ಬಂದೂಕುಗಳು ಯಾರ ಯಾರ ಕೈಯಲ್ಲೋ ಇರುವಾಗ ಆ ಬೇಡಿಕೆಯ ಹಿಂದಿನ ಭಯ ಸುಳ್ಳಲ್ಲ. 250ಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಸುಮಾರು 60 ಸಾವಿರ ಜನ ಮನೆ ಬಿಟ್ಟಿದ್ದಾರೆ. ಆದರೆ ಅವರು ಕೇಳುತ್ತಿರುವುದು ತಮ್ಮನ್ನು ಕಾಯುವ ಸೈನ್ಯ. ಅದಕ್ಕೆ ಆರನೇ ಕಲಮು ಏಕೆ ಬೇಕು ಎನ್ನುವುದಕ್ಕೆ ನನಗೆ ಯಾರೂ ಉತ್ತರ ಕೊಟ್ಟಿಲ್ಲ. 1980ರಲ್ಲಿ ಇಡೀ ಮಣಿಪುರವನ್ನು ಪ್ರಕ್ಷುಬ್ಧವೆಂದು ಘೋಷಿಸಿದ್ದರು. ನಲವತ್ತೈದು ವರ್ಷದಲ್ಲಿ ಆ ಕಾಯ್ದೆ ಶಾಂತಿ ತಂದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಠಾಣೆ ಠಾಣೆ ಎಣಿಸಿ ಆರು ತಿಂಗಳಿಗೊಮ್ಮೆ ಗಡಿ ಸರಿಸುವುದು ಸಾಕು, ಪೂರ್ತಿ ತೆಗೆಯಬೇಕು.

ಹೋಗುವವರಿಗೆ: ಕರ್ನಾಟಕದವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು, ಇಂಫಾಲ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ, ಆಧಾರ್ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಬೆಳಿಗ್ಗೆಯೇ ಹೋಗಿ. ಬಂದ್ ಇದೆಯೇ ಎಂದು ಹಿಂದಿನ ದಿನ ವಿಚಾರಿಸಿ. ನಗದು ಇರಲಿ. ಫೋಟೋ ತೆಗೆಯುವ ಮೊದಲು ಇಮಾಗಳನ್ನು ಕೇಳಿ. ಬಟ್ಟೆಗೆ ಐದಕ್ಕೆ ಐದು, ಊಟಕ್ಕೆ ನಾಲ್ಕು, ಶೌಚಾಲಯಕ್ಕೆ ಒಂದು. ಮೊಯ್‌ರಾಂಗ್‌ಗೆ ಆರು ಇನಫಿಗಳ ಆರ್ಡರ್ ಕೊಟ್ಟು ಅರ್ಧ ಹಣ ಮುಂಗಡ ಕೊಟ್ಟು ಬಂದಿದ್ದೇನೆ, ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಾರೆ. ನೋಡಬೇಕೆನ್ನುವವರು ಮಾರ್ಚ್ ಹೊತ್ತಿಗೆ ಅಂಗಡಿಗೆ ಬನ್ನಿ.